ಹಟ್ಟಿಯ ಮಗಳು ದಾದಿಯಾದಾಗ

ನಮ್ಮ ಚಿತ್ರದುರ್ಗ ಸೀಮೆಯ ಊರುಗಳ ಹೆಸರುಗಳನ್ನು ಗಮನವಿಟ್ಟು ಕೇಳುವವರಿಗೆ ಒಂದು ಸಂಗತಿ ತಾನಾಗಿಯೇ ಹೊಳೆಯುತ್ತದೆ. ಹೊಳಲ್ಕೆರೆಯಿಂದ ಬಿ.ದುರ್ಗ ಹೋಬಳಿಯ ಕಡೆಗೆ ಸಾಗಿದರೂ, ಹೊಸದುರ್ಗದ ದಾರಿ ಹಿಡಿದರೂ, ಹಿರಿಯೂರಿನ ಬಯಲಿಗೆ ಇಳಿದರೂ, ಊರಿನ ಹೆಸರಿನ ಬೆನ್ನಿಗೆ ಮತ್ತೊಂದು ಹೆಸರು ಅಂಟಿಕೊಂಡಿರುತ್ತದೆ. ಇಂಥ ಹಳ್ಳಿ, ಅದರ ಗೊಲ್ಲರಹಟ್ಟಿ; ಇಂಥ ಪುರ, ಅದರ ಲಂಬಾಣಿ ತಾಂಡ. ಊರು ಒಂದು, ಊರಿಗೆ ಸೇರಿಯೂ ಸೇರದಂತೆ ಕೂಗಳತೆಯ ದೂರದಲ್ಲಿ ನಿಂತ ನೆಲೆ ಮತ್ತೊಂದು. ಶಾಲೆ, ಅಂಚೆ, ಬಸ್ಸು, ನ್ಯಾಯಬೆಲೆ ಅಂಗಡಿ ಮೊದಲು ಬರುವುದು ಊರಿಗೆ. ಹಟ್ಟಿಗೂ ತಾಂಡಕ್ಕೂ ಅವು ತಲುಪುವುದು ಆಮೇಲೆ.

ಆರೋಗ್ಯದ ಕಥೆಯೂ ಬೇರೆಯಲ್ಲ. ಆದರೆ ಆರೋಗ್ಯದ ವಿಷಯದಲ್ಲಿ ಕೇವಲ ದೂರವೊಂದೇ ಅಡ್ಡಿಯಾಗಿದ್ದರೆ ರಸ್ತೆ ಮಾಡಿ, ಕಟ್ಟಡ ಕಟ್ಟಿ ಅದನ್ನು ನೀಗಿಸಬಹುದಾಗಿತ್ತು. ರಸ್ತೆಯೂ ಕಟ್ಟಡವೂ ದಾಟಲಾರದ ಒಂದು ಗಡಿ ಅಲ್ಲಿದೆ. ಆ ಗಡಿಯನ್ನು ದಾಟಬಲ್ಲವಳು ಯಾರು ಎಂಬುದೇ ಈ ವಾರದ ವಿಚಾರ.

ಆಸ್ಪತ್ರೆಯಿಂದ ಗುಡ್ಲಿಗೆ

ಜುಂಜಪ್ಪನ ಕಾವ್ಯವನ್ನು ತಲೆಮಾರುಗಳಿಂದ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಕಾಡುಗೊಲ್ಲರು ನಮ್ಮ ನೆರೆಹೊರೆಯವರು. ಕುರಿ ದನಗಳ ಪಾಲನೆಯಲ್ಲಿ ಅವರ ಜ್ಞಾನ ದೊಡ್ಡದು. ಕೊಟ್ಟ ಮಾತಿಗೆ, ನಂಬಿದ ದೈವಕ್ಕೆ ಅವರ ನಿಷ್ಠೆಯೂ ದೊಡ್ಡದು. ಆ ನಿಷ್ಠೆಯ ಭಾಗವಾಗಿಯೇ ಬಂದ ಒಂದು ಕಟ್ಟಳೆಯುಂಟು. ಮುಟ್ಟಾದ ಹೆಣ್ಣು, ಹೆತ್ತ ಹೆಣ್ಣು ಹಟ್ಟಿಯ ಒಳಗೆ ಇರಕೂಡದು. ಹೊರಗೆ ಗುಡ್ಲಿನಲ್ಲಿ ಇರತಕ್ಕದ್ದು. ಬಾಣಂತಿಗೆ ಈ ವಾಸ ಕೆಲವೆಡೆ ವಾರಗಟ್ಟಲೆ, ಕೆಲವೆಡೆ ತಿಂಗಳು ಮೀರಿಯೂ ನಡೆಯುತ್ತದೆ. ಆಕೆಯನ್ನು ಮುಟ್ಟಿದವರಿಗೂ ಸೂತಕ. ಎಷ್ಟೋ ಹಟ್ಟಿಗಳು ಇದನ್ನು ಕೈಬಿಟ್ಟಿವೆ ಅಥವಾ ಸಡಿಲಿಸಿವೆ, ಎಲ್ಲವೂ ಬಿಟ್ಟಿಲ್ಲ.

2023ರ ಜುಲೈ ತಿಂಗಳಲ್ಲಿ ನೆರೆಯ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿರಿಸಿದ ಬಾಣಂತಿಯೊಬ್ಬಳ ಹಸುಗೂಸು ಮಳೆ ಚಳಿಗೆ ಸಿಕ್ಕಿ ತೀರಿಕೊಂಡ ಸುದ್ದಿಯನ್ನು ನಾವೆಲ್ಲರೂ ಓದಿದೆವು. ಆ ತಾಯಿಗೆ ಹೆರಿಗೆಯಾದದ್ದು ಗುಡ್ಲಿನಲ್ಲಲ್ಲ, ಆಸ್ಪತ್ರೆಯಲ್ಲಿ. ಅಲ್ಲಿ ವೈದ್ಯರಿದ್ದರು, ದಾದಿಯರಿದ್ದರು, ಔಷಧವಿತ್ತು. ಆಸ್ಪತ್ರೆಯು ಉಳಿಸಿ ಕಳುಹಿಸಿದ ಜೀವವನ್ನು ಊರಿನ ಅಂಚು ಉಳಿಸಿಕೊಳ್ಳಲಿಲ್ಲ.

ಇಲ್ಲಿಯೇ ವಿಷಯದ ತಿರುಳಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿವೆ. ಇದು ಸಣ್ಣ ಸಾಧನೆಯಲ್ಲ. 2005ರ ಜನನಿ ಸುರಕ್ಷಾ ಯೋಜನೆ, 2008ರಲ್ಲಿ ಬಂದ 108 ಆಂಬುಲೆನ್ಸ್, ಊರೂರು ಅಲೆದ ಕಾರ್ಯಕರ್ತೆಯರು, ಎಲ್ಲರ ದುಡಿಮೆಯ ಫಲ ಅದು. ಹೆರಿಗೆ ಆಸ್ಪತ್ರೆಗೆ ಬಂದಿತು; ಬಾಣಂತನ ಮಾತ್ರ ಕೆಲವೆಡೆ ಗುಡ್ಲಿನಲ್ಲಿಯೇ ಉಳಿಯಿತು. ಶಿಶುವಿನ ಬಾಳಿನಲ್ಲಿ ಮೊದಲ 28 ದಿನಗಳು ಅತ್ಯಂತ ಅಪಾಯದವು. ಎರಡೂವರೆ ಕಿಲೋಗ್ರಾಂಗಿಂತ ಕಡಿಮೆ ತೂಗುವ ಕೂಸು ತನ್ನ ಮೈಬಿಸಿಯನ್ನು ತಾನೇ ಕಾಪಾಡಿಕೊಳ್ಳಲಾರದು. ಅದಕ್ಕೆ ಬೇಕಾದದ್ದು ತಾಯಿಯ ಎದೆಗೆ ಒತ್ತಿಕೊಂಡ ಬೆಚ್ಚನೆ, ಎದೆಹಾಲು, ಗಾಳಿ ಮಳೆ ಹೊಗದ ಸೂರು.

ಇದನ್ನು ಬಲ್ಲುದರಿಂದಲೇ ಸರ್ಕಾರವು ಆಶಾ ಕಾರ್ಯಕರ್ತೆಯು ಆಸ್ಪತ್ರೆಯಲ್ಲಿ ಹೆತ್ತ ತಾಯಿಯ ಮನೆಗೆ ಆರು ಬಾರಿ ಹೋಗಬೇಕೆಂದು ವಿಧಿಸಿದೆ: 3, 7, 14, 21, 28 ಹಾಗೂ 42ನೆಯ ದಿನಗಳಂದು. ಕೂಸನ್ನು ತೂಗಬೇಕು, ಮೈ ಮುಟ್ಟಿ ನೋಡಬೇಕು, ಹೊಕ್ಕುಳನ್ನು ಪರೀಕ್ಷಿಸಬೇಕು. ಆದರೆ ಈ ದಿನಗಳೇ ಸೂತಕದ ದಿನಗಳು. ಮುಟ್ಟಬಾರದೆಂದು ಕಟ್ಟಳೆ ಹೇಳುವ ದಿನಗಳಲ್ಲಿ ಮುಟ್ಟಲೇಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ಇವೆರಡರ ನಡುವೆ ನಿಲ್ಲುವವಳು ಒಬ್ಬ ಹೆಣ್ಣುಮಗಳು.

ನಮ್ಮಲ್ಲಿಯೂ ಇದ್ದ ಸೂತಕ

ಇದನ್ನು ಓದಿ, ಎಂಥ ಅಜ್ಞಾನವೆಂದು ತಲೆಯಾಡಿಸುವ ಮೊದಲು ಕ್ರೈಸ್ತ ಕುಟುಂಬಗಳಾದ ನಾವು ನಮ್ಮ ಮನೆಯ ಹಳೆಯ ಪೆಟ್ಟಿಗೆಯನ್ನೂ ತೆರೆದು ನೋಡುವುದು ಒಳಿತು. ಹಳೆಯ ಒಡಂಬಡಿಕೆಯ ಯಾಜಕಕಾಂಡದ 12ನೆಯ ಅಧ್ಯಾಯದಲ್ಲಿ ಹೆತ್ತ ತಾಯಿಗೆ ಅಶುದ್ಧಿಯ ದಿನಗಳನ್ನು ಎಣಿಸಿ ಹೇಳಿದೆ. ಗಂಡು ಹುಟ್ಟಿದರೆ ಒಂದು ಲೆಕ್ಕ, ಹೆಣ್ಣು ಹುಟ್ಟಿದರೆ ಅದರ ಇಮ್ಮಡಿ. ಮಾತೆ ಮರಿಯಮ್ಮನವರೂ ಆ ಕಟ್ಟಳೆಯಂತೆ ಜೆರುಸಲೇಮಿನ ದೇವಾಲಯಕ್ಕೆ ಹೋದರು. ಫೆಬ್ರವರಿ 2ರ ಹಬ್ಬವನ್ನು ಬಹುಕಾಲ ಅವರ ಶುದ್ಧೀಕರಣದ ಹಬ್ಬವೆಂದೇ ಕರೆಯುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರವೇ ಅದು ಪ್ರಭುವಿನ ಸಮರ್ಪಣೆಯ ಹಬ್ಬವೆಂದು ನೆಲೆಗೊಂಡಿತು. ಹೆರಿಗೆಯಾದ ತಾಯಿ ದೇವಾಲಯದ ಬಾಗಿಲಿಗೆ ಬಂದು ಗುರುಗಳ ಆಶೀರ್ವಾದ ಪಡೆಯುವ ವಿಧಿಯನ್ನು ಧರ್ಮಸಭೆಯು ಕೃತಜ್ಞತೆಯ ವಿಧಿಯೆಂದು ಬೋಧಿಸಿದರೂ ಜನರ ಮನಸ್ಸಿನಲ್ಲಿ ಅದು ಸೂತಕ ಕಳೆಯುವ ವಿಧಿಯಾಗಿಯೇ ಇತ್ತು. 1969ರ ಜ್ಞಾನಸ್ನಾನದ ವಿಧಿಯಲ್ಲಿ ತಾಯಿಯ ಆಶೀರ್ವಾದವನ್ನು ಮಗುವಿನ ಜ್ಞಾನಸ್ನಾನದೊಳಗೇ ಸೇರಿಸಲಾಯಿತು.

ಇದಕ್ಕಿಂತ ಹತ್ತಿರದ ಸಂಗತಿಯೊಂದಿದೆ. ಧರ್ಮಭಗಿನಿಯರು ಪ್ರಸೂತಿ ವೈದ್ಯ ಮಾಡುವುದನ್ನು, ಹೆರಿಗೆ ಮಾಡಿಸುವುದನ್ನು ಧರ್ಮಸಭೆಯ ನಿಯಮವೇ ಬಹುಕಾಲ ತಡೆದಿತ್ತು. ವ್ರತಧಾರಿಣಿಗೆ ಅದು ತಕ್ಕುದಲ್ಲವೆಂಬ ಭಾವನೆ ಅದರ ಹಿಂದಿತ್ತು. ಅದೇ ಕಾಲದಲ್ಲಿ ಭಾರತದ ಎಷ್ಟೋ ಮನೆಗಳಲ್ಲಿ ಗಂಡು ವೈದ್ಯನ ಮುಂದೆ ಬರಲಾರದ ತಾಯಂದಿರು ಹೆರಿಗೆಯ ನೋವಿನಲ್ಲಿ ಸಾಯುತ್ತಿದ್ದರು. ರಾವಲ್ಪಿಂಡಿಯಲ್ಲಿ ಇದನ್ನು ಕಣ್ಣಾರೆ ಕಂಡ ಆಸ್ಟ್ರಿಯಾದ ವೈದ್ಯೆ ಅನ್ನಾ ಡೆಂಗೆಲ್ ಅವರು 1925ರಲ್ಲಿ ವೈದ್ಯಕೀಯ ಸೇವೆಗಾಗಿಯೇ ಮಹಿಳೆಯರ ಸಂಘವೊಂದನ್ನು ಕಟ್ಟಿ, ನಿಯಮ ಬದಲಾಗಬೇಕೆಂದು ಹೋರಾಡಿದರು. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿ ಅವರು 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು, ಧರ್ಮಭಗಿನಿಯಾಗಿಯೂ ವೈದ್ಯವೃತ್ತಿ ನಡೆಸಲು ಪೋಪರಿಂದ ವಿಶೇಷ ಅನುಮತಿ ಪಡೆಯಬೇಕಾಯಿತು. 1943ರಲ್ಲಿ ಭಾರತದ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದವರೂ ಅವರೇ. ಕೊನೆಗೆ 1936ರ ಫೆಬ್ರವರಿ 11ರಂದು ರೋಮ್ ಆ ತಡೆಯನ್ನು ತೆಗೆಯಿತು.

ಹೆರಿಗೆಯ ಕೋಣೆಯ ಬಾಗಿಲನ್ನು ನಮ್ಮ ಧರ್ಮಸಭೆಯೇ ತನ್ನ ಹೆಣ್ಣುಮಕ್ಕಳಿಗೆ ತೆರೆದು ಇನ್ನೂ ನೂರು ವರ್ಷ ಆಗಿಲ್ಲ. ಆ ಬಾಗಿಲು ತೆರೆದದ್ದು ಹೊರಗಿನವರ ನಿಂದೆಯಿಂದಲ್ಲ. ಒಳಗಿನವರ ಪಟ್ಟುಹಿಡಿದ ಪ್ರೀತಿಯಿಂದ. ಈ ಮಾತನ್ನು ಹಟ್ಟಿಯ ವಿಷಯದಲ್ಲಿಯೂ ನೆನಪಿಡಬೇಕಾಗಿದೆ.

ಮುಟ್ಟುವ ಕೈಗಳು

ರಕ್ತವನ್ನು ಕುರಿತ ಈ ಭಯವೇ ನಮ್ಮ ನಾಡಿನಲ್ಲಿ ದಾದಿಯ ವೃತ್ತಿಯನ್ನೂ ಕೀಳುಗೈದಿತ್ತು. ಹೆರಿಗೆ ಮಾಡಿಸುವ ಸೂಲಗಿತ್ತಿ ಎಲ್ಲರಿಗೂ ಬೇಕು. ಕೆಲಸ ಮುಗಿದ ಮೇಲೆ ಆಕೆಗೆ ಹಜಾರದಲ್ಲಿ ಜಾಗವಿಲ್ಲ. ಗಾಯ ತೊಳೆಯುವ, ಮಲಮೂತ್ರ ಎತ್ತುವ ಕೆಲಸಕ್ಕೆ ಮೇಲುಜಾತಿಯ ಮನೆಗಳು ಹೆಣ್ಣುಮಕ್ಕಳನ್ನು ಕಳುಹಿಸುತ್ತಿರಲಿಲ್ಲ. ಆದುದರಿಂದಲೇ ಕಳೆದ ಶತಮಾನದ ಮೊದಲರ್ಧದಲ್ಲಿ ಭಾರತದ ದಾದಿಯರಲ್ಲಿ ಬಹುಪಾಲು ಕ್ರೈಸ್ತರೇ ಇದ್ದರು. 1886ರಲ್ಲಿ ಗುಡ್ ಶೆಫರ್ಡ್ ಭಗಿನಿಯರು ಬೆಂಗಳೂರಿನಲ್ಲಿ ತೆರೆದ ಸಂತ ಮಾರ್ತಾ ಆಸ್ಪತ್ರೆ, 1880ರಲ್ಲಿ ಫಾದರ್ ಮುಲ್ಲರ್ ಅವರು ಮಂಗಳೂರಿನ ಕಂಕನಾಡಿಯಲ್ಲಿ ಆರಂಭಿಸಿದ ಔಷಧಾಲಯದಿಂದ ಬೆಳೆದ ಆಸ್ಪತ್ರೆ, ಇಂಥ ಸಂಸ್ಥೆಗಳಲ್ಲಿ ತರಬೇತಾದ ನಮ್ಮ ಅಕ್ಕತಂಗಿಯರು ನಾಡಿನಾದ್ಯಂತ ಹರಡಿದರು. ಯಾರೂ ಮುಟ್ಟದ್ದನ್ನು ಮುಟ್ಟಿದ ಕೈಗಳು ಅವು. ಆ ಕೈಗಳ ದುಡಿಮೆಯಿಂದಲೇ ಎಷ್ಟೋ ಬಡ ಕ್ರೈಸ್ತ ಕುಟುಂಬಗಳು ಹೆಂಚಿನ ಮನೆ ಕಂಡವು, ತಮ್ಮಂದಿರು ಓದಿದರು, ತಂಗಿಯರ ಮದುವೆಗಳಾದವು. ಈಗ ಅವರ ಹೆಣ್ಣುಮಕ್ಕಳು ಮೊಮ್ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ, ಇಂಗ್ಲೆಂಡಿನಲ್ಲಿ, ಐರ್ಲೆಂಡಿನಲ್ಲಿ ದುಡಿಯುತ್ತಿದ್ದಾರೆ. ಅದನ್ನು ತಪ್ಪೆನ್ನಲಾಗದು. ಆದರೆ ಅವರು ಬಿಟ್ಟುಹೋದ ಜಾಗದಲ್ಲಿ ಇಲ್ಲಿ ನಿಲ್ಲುವವರು ಯಾರು?

ನಮ್ಮ ಗಡಿಯಾಚೆಗೇ ಇರುವ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ಇಲ್ಲಿ ನೆನೆಯಬೇಕು. ಶಾಲೆಯ ಮೆಟ್ಟಿಲು ಹತ್ತದ ಈ ತಾಯಿ ಹದಿನೈದು ಸಾವಿರಕ್ಕೂ ಮಿಗಿಲಾದ ಹೆರಿಗೆಗಳನ್ನು ಕಾಸು ಕೇಳದೆ ಮಾಡಿಸಿದರೆಂದು ಪ್ರಸಿದ್ಧರು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಅದೇ ವರ್ಷ ಕ್ರಿಸ್ತಜಯಂತಿಯ ದಿನ, ಡಿಸೆಂಬರ್ 25ರಂದು, ಅವರು ಕಣ್ಮುಚ್ಚಿದರು. ಆಸ್ಪತ್ರೆ ಇಲ್ಲದ ಕಾಲದಲ್ಲಿ ನಡುರಾತ್ರಿ ಕರೆದರೂ ಬಾಗಿಲು ತೆರೆದು ಹೊರಡುತ್ತಿದ್ದವರು ಅವರು. ಸುತ್ತಲಿನ ಮನೆಗಳೂ ಅವರಿಗೆ ಬಾಗಿಲು ತೆರೆಯುತ್ತಿದ್ದವು, ಏಕೆಂದರೆ ಅವರು ಅಲ್ಲಿಯವರು. ಇಂದಿನ ಕಾಲಕ್ಕೆ ಬೇಕಾದವಳು ನರಸಮ್ಮನವರಂತೆ ಅಲ್ಲಿಯವಳೂ ಆಗಿರುವ, ಆಸ್ಪತ್ರೆಯ ವಿದ್ಯೆಯನ್ನೂ ಬಲ್ಲ ದಾದಿ.

ಪಾತ್ರೆಗೆ ತಕ್ಕ ನೀರು

ಏನನ್ನೇ ಆಗಲಿ ಪಡೆಯುವವನು ತನ್ನ ಇರವಿಗೆ ತಕ್ಕಂತೆಯೇ ಪಡೆಯುತ್ತಾನೆಂಬುದು ಸಂತ ಥಾಮಸ್ ಅಕ್ವಿನಾಸರ ತತ್ತ್ವಶಾಸ್ತ್ರದಲ್ಲಿ ಮತ್ತೆ ಮತ್ತೆ ಬರುವ ಒಂದು ಸೂತ್ರ. ನೀರು ಒಂದೇ ಆದರೂ ಅದು ತಾಳುವುದು ಪಾತ್ರೆಯ ಆಕಾರವನ್ನು. ಗುರುಮಠದಲ್ಲಿ ಜ್ಞಾನಮೀಮಾಂಸೆಯ ಪಾಠವಾಗಿ ಕಲಿಸುವ ಈ ಮಾತು ತಾಂಡದ ಬಾಗಿಲಲ್ಲಿ ಪ್ರತ್ಯಕ್ಷವಾಗುತ್ತದೆ. ಔಷಧ ಒಂದೇ, ಬುದ್ಧಿಮಾತು ಒಂದೇ. ಯಾರ ಬಾಯಿಂದ, ಯಾವ ನುಡಿಯಲ್ಲಿ ಬಂದಿತೆಂಬುದರ ಮೇಲೆ ಅದು ಒಳಗಿಳಿಯುತ್ತದೆ ಅಥವಾ ಹೊಸ್ತಿಲಲ್ಲಿಯೇ ಚೆಲ್ಲಿಹೋಗುತ್ತದೆ.

ಲಂಬಾಣಿ ತಾಂಡದ ಹಿರಿಯ ಹೆಂಗಸರು ಸಂತೆಯ ವ್ಯವಹಾರಕ್ಕೆ ಬೇಕಾದಷ್ಟು ಕನ್ನಡವನ್ನು ಚೆನ್ನಾಗಿಯೇ ಆಡುತ್ತಾರೆ. ಆದರೆ ನೋವಿನ ನುಡಿ ಸಂತೆಯ ನುಡಿಯಲ್ಲ. ಹೊಟ್ಟೆಯ ಕೆಳಗೆ ಎಳೆಯುವ ನೋವು ಯಾವುದು, ಹಿಂಡುವ ನೋವು ಯಾವುದು, ಬಿಳಿ ಹೋಗುವುದು ಎಂದಿನಿಂದ ಎಂಬುದನ್ನು ಹೆಣ್ಣು ತನ್ನ ತಾಯ್ನುಡಿಯಲ್ಲಿ ಮಾತ್ರ, ಅದೂ ತನ್ನವಳೊಬ್ಬಳ ಮುಂದೆ ಮಾತ್ರ ಹೇಳುತ್ತಾಳೆ. ವೃದ್ಧೆಯನ್ನು ‘ಯಾಡಿ’ ಎಂದು ಕರೆದು ಗೋರ್ ಬೋಲಿಯಲ್ಲಿ ಮಾತಿಗಿಳಿಯುವ ದಾದಿಗೆ ಅರ್ಧ ಗಳಿಗೆಯಲ್ಲಿ ತಿಳಿಯುವುದು ಉಳಿದವರಿಗೆ ಅರ್ಧ ದಿನ ಕುಳಿತರೂ ತಿಳಿಯದು. ತಾಂಡದ ಜನ ಕಾಫಿ ತೋಟಗಳಿಗೆ, ಕಬ್ಬು ಕಡಿಯಲು ಗುಳೆ ಹೋಗುವುದು ಯಾವಾಗ, ಮರಳುವುದು ಯಾವಾಗ ಎಂಬುದು ಅವಳಿಗೆ ಪಂಚಾಂಗದಷ್ಟೇ ಪರಿಚಿತ. ಕೂಸಿನ ಚುಚ್ಚುಮದ್ದಿನ ದಿನ ತಪ್ಪದಂತೆ ಹೊರಡುವ ಮುನ್ನವೇ ಹಾಕಿಸಿ, ತಾಯಿ ಕಾರ್ಡನ್ನು ಬಟ್ಟೆಯ ಗಂಟಿನಲ್ಲಿ ಇರಿಸಿಕೊಳ್ಳಲು ಹೇಳಬಲ್ಲವಳೂ ಅವಳೇ.

ಹಟ್ಟಿಯಲ್ಲಿಯೂ ಹಾಗೆಯೇ. 2017ರ ಕಾಯಿದೆಯೊಂದು, 2020ರಿಂದ ಜಾರಿಯಲ್ಲಿರುವುದು, ಮುಟ್ಟಾದ ಅಥವಾ ಗರ್ಭಿಣಿಯಾದ ಹೆಣ್ಣನ್ನು ಊರಿನಿಂದ ಬೇರ್ಪಡಿಸಿ ಇಡುವುದನ್ನು ಅಪರಾಧವೆನ್ನುತ್ತದೆ. ಕಾಯಿದೆ ಬೇಕು. ಸರ್ಕಾರ ಕಟ್ಟಿಸಿದ ಕೃಷ್ಣ ಕುಟೀರಗಳು ಮಳೆಯಿಂದ ರಕ್ಷಣೆ ಕೊಟ್ಟಿರಬಹುದು. ಆದರೆ ಗುಡ್ಲಿಗೆ ಗೋಡೆ ಕಟ್ಟಿದರೆ ಹೊರಗಿಡುವುದೇ ಗಟ್ಟಿಯಾಗುವುದಲ್ಲವೇ ಎಂಬ ಪ್ರಶ್ನೆಯೂ ಉಳಿಯುತ್ತದೆ. ಹೊರಗಿನ ಅಧಿಕಾರಿ ಬಂದು ಗುಡ್ಲು ಕಿತ್ತರೆ ಅವನು ಹೋದ ಮರುದಿನ ಇನ್ನೊಂದು ಏಳುತ್ತದೆ. ಬೆನ್ನಿಗಿರುವುದು ದೈವದ ಮುನಿಸಿನ ಭಯ. ಭಯಕ್ಕೆ ಕಾನೂನಿನ ಭಾಷೆ ತಿಳಿಯುವುದಿಲ್ಲ. ಅದೇ ಹಟ್ಟಿಯಲ್ಲಿ ಹುಟ್ಟಿ, ಓದಿ, ದಾದಿಯಾಗಿ ಬಂದವಳು ಬಾಣಂತಿಯನ್ನು ಮುಟ್ಟಿ, ಕೂಸನ್ನು ಎತ್ತಿ, ಮರುದಿನ ತನ್ನ ಮನೆಯ ಒಲೆ ಹೊತ್ತಿಸಿದಳೆನ್ನಿ. ಕುರಿಗಳು ಸಾಯಲಿಲ್ಲ, ಹಟ್ಟಿಗೆ ಕೇಡಾಗಲಿಲ್ಲ. ಆ ಒಂದು ದಿನದ ಸಾಕ್ಷ್ಯ ನೂರು ಭಾಷಣಗಳಿಗಿಂತ ಮಿಗಿಲು.

ಆದರೆ ಅವಳ ಪಾಡು ಸುಲಭವೆಂದು ಭಾವಿಸಬೇಡಿ. ತಿಂಗಳ ಆ ದಿನಗಳಲ್ಲಿ ಅವಳನ್ನೂ ಹೊರಗಿರು ಎನ್ನುವವರಿದ್ದಾರೆ. ಬಿಳಿಯ ಸಮವಸ್ತ್ರ ಕಳಚಿದೊಡನೆ ಅವಳು ಮತ್ತೆ ಹಟ್ಟಿಯ ಸೊಸೆ. ಹಿರಿಯರನ್ನು ಎದುರುಹಾಕಿಕೊಂಡರೆ ಮನೆಯವರೆಲ್ಲರೂ ಮಾತು ಕೇಳಬೇಕಾಗುತ್ತದೆ. ಅವಳಿಗೆ ಬೆನ್ನಾಗಿ ನಿಲ್ಲುವವರು ಬೇಕು.

ದೂರದೊಂದು ನಿದರ್ಶನ

ನಮ್ಮವರಿಗೆ ನಮ್ಮವಳೇ ದಾದಿಯಾಗಬೇಕೆಂಬ ಈ ಹಂಬಲ ನಮ್ಮ ನಾಡಿನದು ಮಾತ್ರವಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಸ್ಪ್ಯಾನಿಷ್ ಮೂಲದ ಜನರು ದೊಡ್ಡ ಸಂಖ್ಯೆಯಲ್ಲಿದ್ದಾರೆ. 2020ರ ಜನಗಣತಿಯಲ್ಲಿ ಅವರು ನೂರಕ್ಕೆ 18ಕ್ಕೂ ಮಿಗಿಲು. ಅವರಲ್ಲಿ ಬಹುಮಂದಿ ಕಥೋಲಿಕರು. ಆದರೆ ಅಲ್ಲಿಯ ದಾದಿಯರಲ್ಲಿ ಆ ಮೂಲದವರು ನೂರಕ್ಕೆ ಹತ್ತರಷ್ಟೂ ಇಲ್ಲ. ತಾಯಿಯ ಗರ್ಭಕೋಶದ ಕಾಯಿಲೆಯನ್ನು ಹತ್ತು ವರ್ಷದ ಮಗ ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾದ ಸಂಕಟ ಅಲ್ಲಿಯ ಆಸ್ಪತ್ರೆಗಳಿಗೆ ಹೊಸದಲ್ಲ. ಪನಾಮಾ ದೇಶದಲ್ಲಿ 1920ರಲ್ಲಿ ಹುಟ್ಟಿ 1945ರಲ್ಲಿ ಅಮೆರಿಕಕ್ಕೆ ಬಂದ ಇಲ್ಡೌರಾ ಮುರಿಯೊ-ರೋಡೆ ಎಂಬ ದಾದಿ ಇದನ್ನು ಕಂಡು ಸುಮ್ಮನಿರಲಿಲ್ಲ. 1975ರಲ್ಲಿ ಅವರು ಕಟ್ಟಿದ ಸಂಘವು ಇಂದು ಹಿಸ್ಪ್ಯಾನಿಕ್ ದಾದಿಯರ ರಾಷ್ಟ್ರೀಯ ಸಂಘವೆಂದು ಹೆಸರಾಗಿದೆ. ತಮ್ಮ ಸಮುದಾಯದ ಹುಡುಗಿಯರನ್ನು ನರ್ಸಿಂಗ್ ಓದಿಗೆ ತರುವುದು, ಓದುವಾಗ ಕೈಬಿಡದಿರುವುದು, ಓದಿದವರನ್ನು ಮೇಲಿನ ಹುದ್ದೆಗಳಿಗೆ ಏರಿಸುವುದು ಅದರ ಕೆಲಸ. ಅವರು 2010ರಲ್ಲಿ ತೀರಿಕೊಂಡರು. ಸಂಘ ನಡೆಯುತ್ತಲೇ ಇದೆ. ಅವರು ಕಂಡುಕೊಂಡ ಸತ್ಯ ಸರಳ: ದಾದಿಯರು ತಾವಾಗಿ ಹುಟ್ಟಿಬರುವುದಿಲ್ಲ, ಮೊದಲು ಹೋದವಳು ಹಿಂದೆ ಬರುವವಳ ಕೈಹಿಡಿಯಬೇಕು.

ಒಂದು ಆಕ್ಷೇಪ

ವಿಚಾರವಂತರೊಬ್ಬರು ಇಲ್ಲಿ ಕೇಳಬಹುದು: ಹಾಗಾದರೆ ಜಾತಿಗೊಬ್ಬ ದಾದಿಯೇ? ಲಂಬಾಣಿಗೆ ಲಂಬಾಣಿ, ಗೊಲ್ಲರಿಗೆ ಗೊಲ್ಲರು ಎಂದರೆ ಬೇಲಿಯನ್ನು ನಾವೇ ಹೊಸದಾಗಿ ಹಾಕಿದಂತಾಗದೇ? ಪ್ರಶ್ನೆ ನ್ಯಾಯವಾದದ್ದು. ದಾದಿಯ ಧರ್ಮ ಎಲ್ಲರಿಗೂ ಸೇರಿದ್ದು. ಜಾತಿ ಕೇಳಿ ಗಾಯ ಕಟ್ಟುವವಳು ದಾದಿಯೇ ಅಲ್ಲ. ನಾವು ಹೇಳುತ್ತಿರುವುದು ಬೇರೆ. ಹಟ್ಟಿಯಿಂದ ಬಂದ ದಾದಿ ಹಟ್ಟಿಗೆ ಮಾತ್ರ ಮೀಸಲಾಗುವುದಿಲ್ಲ. ಅವಳು ಜಿಲ್ಲಾ ಆಸ್ಪತ್ರೆಯ ವಾರ್ಡಿನಲ್ಲಿ ಊರಗೌಡನ ಮಡದಿಯ ಹೆರಿಗೆಯನ್ನೂ ಮಾಡಿಸುತ್ತಾಳೆ. ಹೊರಗಿಟ್ಟ ಕುಲದ ಮಗಳ ಕೈಯಲ್ಲಿ ಊರಿನ ಕೂಸು ಮೊದಲ ಉಸಿರೆಳೆಯುವಾಗ ಎರಡು ಕಡೆಯ ಸೂತಕವೂ ಕಳೆಯುತ್ತದೆ. ಅವಳು ಬೇಲಿಯಲ್ಲ, ಬೇಲಿಯಲ್ಲಿ ತೆರೆದ ತಡಿಕೆ.

ನಾವು ಮಾಡಬಹುದಾದುದು

ಈ ಮಗಳು ಎಲ್ಲಿ ನಿಂತುಹೋಗುತ್ತಾಳೆ ಎಂಬುದನ್ನು ನೋಡೋಣ. ಹಿಂದೆ ಎಸ್ಸೆಸ್ಸೆಲ್ಸಿ ಮುಗಿಸಿದವಳು ಎ.ಎನ್.ಎಂ. ತರಬೇತಿಗೆ ಸೇರಬಹುದಿತ್ತು. ಈಗ ಎರಡು ವರ್ಷದ ಆ ತರಬೇತಿಗೂ ಪಿಯುಸಿ ಆಗಿರಬೇಕು. ಮೂರು ವರ್ಷದ ಜಿ.ಎನ್.ಎಂ.ಗೂ ಹಾಗೆಯೇ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗಿಗೆ ಪಿಯುಸಿಯಲ್ಲಿ ವಿಜ್ಞಾನವೇ ಬೇಕು. ವಿದ್ಯೆಯ ಮಟ್ಟ ಏರಿದ್ದು ಒಳ್ಳೆಯದೇ. ಆದರೆ ಹಟ್ಟಿಯ, ತಾಂಡದ ಹುಡುಗಿ ಶಾಲೆ ಬಿಡುವುದು ಹೆಚ್ಚಾಗಿ ಹತ್ತನೆಯ ತರಗತಿಯ ನಂತರದ ಆ ಎರಡು ವರ್ಷಗಳಲ್ಲಿಯೇ. ಕಾಲೇಜು ದೂರ, ಬಸ್ಸಿಗೆ ಹಣ, ಮನೆಯಲ್ಲಿ ಮದುವೆಯ ಮಾತು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿವೆ, ಹಾಸ್ಟೆಲುಗಳಿವೆ, ವಿದ್ಯಾರ್ಥಿವೇತನವಿದೆ. ಇವೆಲ್ಲ ಇವೆ ಎಂದು ತಿಳಿಸಿ, ಅರ್ಜಿ ತುಂಬಿಸಿ, ಕೊನೆಯ ದಿನಾಂಕ ನೆನಪಿಸುವವರೊಬ್ಬರು ಬೇಕು.

ಪ್ರಿಯ ಓದುಗರೇ, ಈ ತಿಳಿವಳಿಕೆ ನಮ್ಮ ಮನೆಗಳಲ್ಲಿದೆ. ಯಾವ ಕೋರ್ಸಿಗೆ ಏನು ಅರ್ಹತೆ, ಯಾವ ಕಾಲೇಜಿಗೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆ, ಯಾವುದು ಹಣ ಕೀಳುವ ಮೋಸ, ಹಾಸ್ಟೆಲಿನಲ್ಲಿ ಮೊದಲ ತಿಂಗಳು ಅಳು ಬಂದರೆ ಏನು ಮಾಡಬೇಕು ಎಂಬುದೆಲ್ಲ ನಮ್ಮ ಅಕ್ಕಂದಿರಿಗೆ, ಚಿಕ್ಕಮ್ಮಂದಿರಿಗೆ ಕರತಲಾಮಲಕ. ನಮಗೆ ಇದು ಹುಟ್ಟಿನಿಂದ ಬಂದದ್ದಲ್ಲ. ಯಾರೋ ಭಗಿನಿಯರು ನಮ್ಮ ಅಜ್ಜಿಯರ ಮನೆಗೆ ಬಂದು, ಮಗಳನ್ನು ಕಳುಹಿಸಿ ಎಂದು ತಂದೆತಾಯಿಯರನ್ನು ಒಪ್ಪಿಸಿದ್ದರಿಂದ ಬಂದದ್ದು. ಪಡೆದ ಸಾಲವನ್ನು ಈಗ ತೀರಿಸುವ ಸರದಿ ನಮ್ಮದು. ಒಂದೊಂದು ಧರ್ಮಕೇಂದ್ರವು ವರ್ಷಕ್ಕೆ ಒಬ್ಬಳೇ ಹುಡುಗಿಯನ್ನು, ಆಕೆಯ ಮತ ಯಾವುದೆಂದು ಕೇಳದೆ, ಬದಲಾಗಿ ಏನನ್ನೂ ಬಯಸದೆ, ಎಸ್ಸೆಸ್ಸೆಲ್ಸಿಯಿಂದ ನರ್ಸಿಂಗ್ ಶಾಲೆಯ ಬಾಗಿಲಿನವರೆಗೆ ನಡೆಸಿಕೊಂಡು ಹೋದರೂ ಸಾಕು. ನಮ್ಮ ದಾದಿಯರು ವಾರಕ್ಕೆ ಒಂದು ಸಂಜೆ ಅಂಥ ಹುಡುಗಿಗೆ ಇಂಗ್ಲಿಷನ್ನೋ ಜೀವಶಾಸ್ತ್ರವನ್ನೋ ಹೇಳಿಕೊಡಲಾರರೇ? ಈಗಾಗಲೇ ಹಳ್ಳಿಗಾಡಿನ ಉಪಕೇಂದ್ರಗಳಲ್ಲಿ ದುಡಿಯುತ್ತಿರುವ ನಮ್ಮ ಹೆಣ್ಣುಮಕ್ಕಳು ತಾಂಡದ ನುಡಿಯ ಹತ್ತಿಪ್ಪತ್ತು ಮಾತುಗಳನ್ನಾದರೂ ಕಲಿಯಲಾರರೇ?

ಸಂತ ಮಾರ್ಕನ ಶುಭಸಂದೇಶದ 5ನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಣ್ಣೊಬ್ಬಳಿದ್ದಾಳೆ. ಆಕೆಯ ಕಾಲದ ಕಟ್ಟಳೆಯಂತೆ ಆಕೆ ಮುಟ್ಟಿದ್ದೆಲ್ಲವೂ ಮೈಲಿಗೆ. ಆದುದರಿಂದಲೇ ಆಕೆ ಜನಜಂಗುಳಿಯಲ್ಲಿ ಹಿಂದಿನಿಂದ ಬಂದು, ಕದ್ದು, ಪ್ರಭುವಿನ ಉಡುಪನ್ನು ಮುಟ್ಟಿದಳು. ಯೇಸುಸ್ವಾಮಿ ಆಕೆಯನ್ನು ಗುಣಪಡಿಸಿ ಸುಮ್ಮನೆ ಮುಂದೆ ಹೋಗಬಹುದಿತ್ತು. ಅವರು ನಿಂತರು, ಮುಟ್ಟಿದವರು ಯಾರೆಂದು ಎಲ್ಲರ ಮುಂದೆ ಕೇಳಿದರು, ನಡುಗುತ್ತ ಬಂದವಳನ್ನು ಮಗಳೆಂದು ಕರೆದರು. ಗುಣವಾದದ್ದು ದೇಹವಾದರೆ, ಆ ಕರೆಯಿಂದ ಆಕೆ ಮರಳಿ ಊರೊಳಗೆ ಬಂದಳು.

ದಾದಿಯ ಕೆಲಸವೂ ಇಷ್ಟೇ, ಇಷ್ಟು ದೊಡ್ಡದು. ಮುಂದಿನ ಮಳೆಗಾಲಕ್ಕೆ ಮುನ್ನ ನಮ್ಮ ಸುತ್ತಲಿನ ಯಾವ ಹಟ್ಟಿಯಲ್ಲಿ, ಯಾವ ತಾಂಡದಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗಿ ಮನೆಯಲ್ಲಿ ಕುಳಿತಿದ್ದಾಳೆಂಬುದನ್ನು ಒಮ್ಮೆ ವಿಚಾರಿಸಿ ನೋಡಿ.